ತಿನ್ನುವ ಬಣ್ಣ

“ತೂರೇ ಒಳಗೆ! ಬಿಲ ಕಂಡ ಇಲಿ ಎಲ್ಲಾದ್ರೂ ಮುಹೂರ್ತ ಕೇಳುತ್ತಾ?”

ಮೇಸ್ತ್ರಿ ಕೆರೆಯುವ ಪಟ್ಟಿಯಿಂದ ಹಂಡೆಯ ಮೈಗೆ ಠಣ್ಣನೆ ಬಡಿದ. ಕಿಂಡಿಯಿಂದ ಒಂದಿಷ್ಟು ಹಳದಿ ಪುಡಿ ಹೊಗೆಯಂತೆ ಹೊರಗೆ ಬಂತು. ಗಿಡ್ಡಿ ಅಂಗೈಯನ್ನು ಉಕ್ಕಿನ ತಗಡಿನ ಹತ್ತಿರ ಒಯ್ದವಳು ಮುಟ್ಟದೆಯೇ ಹಿಂದಕ್ಕೆಳೆದುಕೊಂಡಳು.

“ಇನ್ನೂ ಕಾದಿದೆ ಮೇಸ್ತ್ರಿ. ಸ್ವಲ್ಪ ಆರ್ಲಿ.”

“ನಿನ್ನ ಗಂಡ ಒಲೆ ಆರ್ಸಿ ಆಗ್ಲೇ ಕಾಲು ಚಾಚ್ಕೊಂಡು ಕೂತಿದಾನೆ. ಅವನಿಗೆ ಆರಿದ್ದು ನಿನಗೆ ಆರಿಲ್ವಾ? ಕಸದ ಗುಂಡೀಲಿ ಹುಟ್ಟಿದ ಮುಂಡೇವಕ್ಕೆ ಮೈ ಮಾತ್ರ ಬೆಣ್ಣೆ!”

“ಬೆಣ್ಣೆನೋ ಸುಣ್ಣನೋ, ನೀನೇ ಒಂದ್ಸಲ ತೂರಿ ನೋಡು ಮೇಸ್ತ್ರಿ,” ಎಂದಳು ಹಿಂದೆ ನಿಂತಿದ್ದ ನಾದಿನಿ. “ಹೊಟ್ಟೆ ಸಿಕ್ಕಾಕೊಂಡ್ರೆ ಹೆದರ್ಬೇಡ, ಹಿಂದಿಂದ ನಾವೆಲ್ಲ ಸೇರಿ ಒದ್ದು ತಳ್ತೀವಿ.”

ಅಂಗಳದಲ್ಲಿ ಹೂ ಬಿಡಿಸುತ್ತಿದ್ದ ಹೆಂಗಸರು ತಲೆ ತಗ್ಗಿಸಿಕೊಂಡೇ ಕಿಸಕ್ಕೆಂದರು. ಮೇಸ್ತ್ರಿಯ ಕಿವಿ ಕೆಂಪಾಯಿತು.

“ಆ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ ಲೌಡಿ.”

“ಕೊಡು. ಅದರಲ್ಲೇ ಹಂಡೆ ಕೆರೀತೀನಿ. ನಿನ್ನ ಪಟ್ಟಿಗಿಂತ ಚೂಪಾಗಿದೆ.”

ಹಾಗೆಂದವಳೇ ಅತ್ತಿಗೆಯ ಕೈ ಹಿಡಿದು ನೋಡಿದಳು. ಗಿಡ್ಡಿಯ ಬೆರಳುಗಳು ಗಿಣ್ಣುಗಿಣ್ಣಿಗೆ ಬಿರಿದಿದ್ದವು. ಹೂಗುಚ್ಛಗಳ ತಂತಿ ಬಿಡಿಸಿ ಬಿಡಿಸಿ ಆದ ಗಾಯ. ಅದರ ಮೇಲೆ ತೋಟದವರು ಹೂವಿಗೆ ಹೊಡೆದ ಔಷಧಿಯ ಉರಿ. “ಈ ಕೈಲಿ ಏನ್ ಕೆರೀತೀಯ ಅತ್ತಿಗೆ? ಸರಿ, ನಾನ್ ಹೋಗ್ತೀನಿ,” ಎಂದು ಮೂಗು ಬಾಯಿಗೆ ಬಟ್ಟೆ ಸುತ್ತಿಕೊಂಡು, ಮೊದಲು ತಲೆ, ಆಮೇಲೆ ಒಂದು ಭುಜ, ಇನ್ನೊಂದು ಭುಜ ಎಂದು ಹಾವಿನ ಹಾಗೆ ಕಿಂಡಿಯೊಳಕ್ಕೆ ಜಾರಿದಳು. ಕೊನೆಗೆ ಎರಡು ಹಿಮ್ಮಡಿ ಕಂಡವು, ಅವೂ ಕಾಣದಾದವು. ಒಳಗಿನಿಂದ ಪಟ್ಟಿಯ ಕರಕರ ಸದ್ದು ಶುರುವಾಯಿತು.

ಅದಕ್ಕೆ ಕಾರ್ಖಾನೆಯ ಕನ್ನಡಕದ ಮೇಡಂ ಹೇಳುವ ಹೆಸರು ಬೇರೆ, ಉದ್ದದ್ದು. ಹೆಂಗಸರಿಗೆ ಅದು ಹಂಡೆ. ಎರಡಾಳು ಎತ್ತರದ ಉಕ್ಕಿನ ಹಂಡೆ, ಕೆಳಗೆ ಆಲಿಕೆಯ ಹಾಗೆ ಕಿರಿದಾಗುತ್ತ ಹೋಗುತ್ತದೆ. ಹೂವಿನಿಂದ ಹಿಂಡಿದ ಬಣ್ಣದ ನೀರಿಗೆ ಅಂಟು, ಗಂಜಿ ಕಲೆಸಿ ಮೇಲಿನಿಂದ ಮಂಜಿನಂತೆ ಚಿಮ್ಮಿಸುತ್ತಾರೆ. ಪಕ್ಕದ ಕೊಳವೆಯಿಂದ ಬಿಸಿಗಾಳಿ ನುಗ್ಗುತ್ತದೆ. ಹನಿ ಕೆಳಗೆ ಬೀಳುವಷ್ಟರಲ್ಲಿ ಒಣಗಿ ಪುಡಿಯಾಗಿರುತ್ತದೆ. ಬೀಳದೆ ಉಳಿದದ್ದು ಗೋಡೆಗೆ ಹಕ್ಕಳೆಗಟ್ಟುತ್ತದೆ. ಆ ಹಕ್ಕಳೆಯೂ ಧಣಿಗೆ ಬೇಕು. ನೀರು ಹಾಕಿ ತೊಳೆದರೆ ಬಣ್ಣ ಹಾಳು. ಆದ್ದರಿಂದ ಒಬ್ಬರು ಒಳಗೆ ಹೋಗಿ ಕೆರೆಯಬೇಕು, ಮತ್ತು ಆ ಕಿಂಡಿಯಲ್ಲಿ ತೂರುವಂಥವರು ಇಡೀ ಕಾರ್ಖಾನೆಗೆ ಇಬ್ಬರೇ: ಕುಳ್ಳಾದ್ದರಿಂದ ಗಿಡ್ಡಿ, ಕಡ್ಡಿಯಾದ್ದರಿಂದ ಅವಳ ನಾದಿನಿ.

ನಾದಿನಿ ಹೊರಗೆ ಬಂದಾಗ ರೆಪ್ಪೆಯ ಕೂದಲೂ ಹಳದಿಯಾಗಿತ್ತು. “ನೋಡ್ರೇ, ಮದುವಣಗಿತ್ತಿ ಬಂದ್ಲು! ಇನ್ನೊಬ್ಬ ಗಂಡನ್ನ ಹುಡುಕ್ರಪ್ಪ, ಮೊದಲ್ನೇ ಬೇವರ್ಸಿ ಓಡಿಹೋದ,” ಎಂದು ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಲ್ಲಲಿಲ್ಲ. ಗೋಡೆ ಹಿಡಿದು, ಬಗ್ಗಿ, ಮತ್ತೂ ಬಗ್ಗಿ, ಕೊನೆಗೆ ನೆಲಕ್ಕೆ ಉಗಿದದ್ದು ಸೇವಂತಿಗೆಯ ಬಣ್ಣದ್ದಾಗಿತ್ತು.

ಈ ಹೂವಿನ ತಿಪ್ಪೆ ಒಂದು ಕಾಲಕ್ಕೆ ಅವರದೇ ಆಗಿತ್ತು. ಅವರದು ಎಂದರೆ ಕೇರಿಯ ಹೆಂಗಸರದು. ಬೇರೆ ಯಾರಿಗೂ ಬೇಡವಾದದ್ದು ಅವರಿಗೆ. ಮದುವೆ ಹಾಲುಗಳಲ್ಲಿ ಬಾಡಿದ್ದು, ಹೋಟೆಲುಗಳ ಹೂದಾನಿಯಿಂದ ಬಿಸುಟದ್ದು, ಸತ್ತವರ ಎದೆಯ ಮೇಲಿಟ್ಟು ತೆಗೆದದ್ದು, ಮಾರುಕಟ್ಟೆಯಲ್ಲಿ ಮಾರಾಟವಾಗದೆ ಉಳಿದದ್ದು, ಎಲ್ಲವೂ ಊರಾಚೆಯ ಗುಂಡಿಗೆ ಬರುತ್ತಿತ್ತು. ಗಿಡ್ಡಿಯ ಅತ್ತೆ ಅಲ್ಲಿ ಎಸಳು ಆರಿಸಿ, ಒಣಗಿಸಿ, ಬಟ್ಟೆಗೆ ಬಣ್ಣ ಹಾಕುವವರಿಗೆ ಮಾರಿ ಇಬ್ಬರು ಮಕ್ಕಳನ್ನು ಸಾಕಿದ್ದಳು. “ಮದುವೆ ಹೂವೂ ಒಂದೇ, ಮಸಣದ ಹೂವೂ ಒಂದೇ. ಕೊಳೆತ ಮೇಲೆ ಜಾತಿ ಎಲ್ಲಿಂದ ಬಂತು?” ಎನ್ನುತ್ತಿದ್ದಳು ಮುದುಕಿ.

ಅವಳು ತೀರಿಕೊಂಡ ಮಳೆಗಾಲ ಮುಗಿಯುವುದರೊಳಗೆ ಗುಂಡಿಯ ಸುತ್ತ ತಂತಿಬೇಲಿ ಬಿತ್ತು. ಊರಿನ ಹೂಕಸವೆಲ್ಲ ಧಣಿಯ ಗುತ್ತಿಗೆಗೆ ಹೋಗಿತ್ತು. ಮೊದಲ ದಿನ ಗೊತ್ತಿಲ್ಲದೆ ಬುಟ್ಟಿ ಹಿಡಿದು ಹೋದ, ಕೇರಿಯ ಹೆಂಗಸರಲ್ಲಿ ಹಿರಿಯಳಾದ ದೊಡ್ಡಕ್ಕನನ್ನು ಕಾವಲಿನವನು ಕಳ್ಳಿ ಎಂದು ಹಿಡಿದು, ಬುಟ್ಟಿಯನ್ನು ಅವಳ ತಲೆಯ ಮೇಲೆ ಮಗುಚಿ ಕಳಿಸಿದ್ದ. ಆಮೇಲೆ ಧಣಿಯೇ ಕೇರಿಗೆ ಬಂದು, ಕಾರಿನಿಂದ ಇಳಿಯದೆ, ಗಾಜು ಇಳಿಸಿ, “ಎಲ್ಲರಿಗೂ ಕೆಲಸ ಕೊಡ್ತೀನಿ” ಎಂದ. ಕೊಟ್ಟ. ಕದಿಯುವುದೆಂದು ಹೆಸರಾಗಿದ್ದ ಕೆಲಸವೇ ಕೂಲಿ ಎಂದಾಯಿತು. ಬೇರೆ ದಾರಿ ಯಾರಿಗೂ ಉಳಿದಿರಲಿಲ್ಲ. ಗಿಡ್ಡಿಯ ಗಂಡನಿಗೆ ಬಿಸಿಗಾಳಿಯ ಒಲೆ ಸಿಕ್ಕಿತು. ಅವನು ಮಾತು ಕಡಿಮೆಯ ಮನುಷ್ಯ. ಯಾರೇನು ಹೇಳಿದರೂ “ಹೂಂ” ಎನ್ನುವವನು. “ನನ್ನಣ್ಣ ಹುಟ್ಟಿದಾಗ ಅಳಲಿಲ್ವಂತೆ, ಹೂಂ ಅಂದ್ನಂತೆ,” ಎಂದು ನಾದಿನಿ ಗೇಲಿ ಮಾಡುತ್ತಿದ್ದಳು.

ಕನ್ನಡಕದ ಮೇಡಂ ಮಾತ್ರ ಬೈದವರಲ್ಲ. ಪುಡಿ ಮಾಡುವ ಯುಕ್ತಿ ಅವರದೇ ಅಂತೆ. ಕೆಲಸ ಶುರುವಾದ ಹೊಸದರಲ್ಲಿ ಹೆಂಗಸರನ್ನೆಲ್ಲ ಅಂಗಳದಲ್ಲಿ ಕೂರಿಸಿ ತಾಳ್ಮೆಯಿಂದ ತಿಳಿಸಿದ್ದರು: “ಹೂವಿನ ಬಣ್ಣ ತುಂಬಾ ನಾಜೂಕು. ಬಿಸಿಲು ತಾಗಿದ್ರೆ ಮಾಸುತ್ತೆ, ಗಾಳಿ ತಾಗಿದ್ರೆ ಕೆಡುತ್ತೆ, ಹುಳಿ ಬಿದ್ರೆ ಬೇರೇನೇ ಬಣ್ಣ ಆಗುತ್ತೆ. ಅದಕ್ಕೇ ಒಂದೊಂದು ಕಣಕ್ಕೂ ಅಂಟಿನ ಅಂಗಿ ತೊಡಿಸ್ತೀವಿ. ಕಣ್ಣಿಗೂ ಕಾಣದಷ್ಟು ಸಣ್ಣ ಅಂಗಿ. ಆಗ ವರ್ಷ ಆದ್ರೂ ಬಣ್ಣ ಹಾಗೇ ಇರುತ್ತೆ. ಮಕ್ಕಳ ಮಿಠಾಯಿಗೆ, ಐಸ್‌ಕ್ರೀಮಿಗೆ, ಔಷಧಿ ಮಾತ್ರೆಗೆ ಎಲ್ಲಕ್ಕೂ ಹಾಕಬಹುದು.”

“ಬಣ್ಣಕ್ಕೆ ಅಂಗಿ ಹೊಲಿದ್ರಿ, ಒಳ್ಳೇದಾಯ್ತು,” ಎಂದಿದ್ದಳು ದೊಡ್ಡಕ್ಕ, ತನ್ನ ಬಿರಿದ ಕೈ ನೋಡಿಕೊಳ್ಳುತ್ತ. “ನಮ್ಮ ಕೈಗೊಂದು ಚೀಲ ಹೊಲಿಯೋದು ಯಾವಾಗ ತಾಯಿ?”

ಮೇಡಂ ನಕ್ಕಿದ್ದರು. ಹೇಳಿ ನೋಡ್ತೀನಿ ಎಂದಿದ್ದರು. ಕೈಗೆ ತೊಡುವ ಆ ಗವಸಿನ ಚೀಲಗಳು ಬಂದದ್ದೂ ನಿಜ. ಫೋಟೋ ತೆಗೆಯುವವರು ಬಂದ ದಿನ ಎಲ್ಲರಿಗೂ ನೀಲಿ ಕೈಚೀಲ ಹಂಚಿದರು. ಅವರ ಬೆನ್ನು ಗೇಟು ದಾಟುತ್ತಿದ್ದ ಹಾಗೆ ಮೇಸ್ತ್ರಿ ಒಂದೊಂದನ್ನೂ ಎಣಿಸಿ ಬಿಚ್ಚಿಸಿಕೊಂಡ.

ನಾದಿನಿಯ ಕೆಮ್ಮು ಮೊದಮೊದಲು ಕೆಲಸ ಬಿಟ್ಟ ಮೇಲೆ ನಿಲ್ಲುತ್ತಿತ್ತು. ಆಮೇಲೆ ಮನೆಗೂ ಬಂತು. ಮೆಟ್ಟಿಲಲ್ಲಿ ಕೂತು ಉಸಿರು ಎಳೆದುಕೊಂಡರೆ ಎದೆಯೊಳಗೆ ಬೆಕ್ಕು ಮಲಗಿದ ಹಾಗೆ ಗೊರಗೊರ ಎನ್ನುತ್ತಿತ್ತು. ಒಂದೇ ಕೋಣೆಯ ಮನೆ. ಗಿಡ್ಡಿಗೆ ಆ ಸದ್ದು ಕೇಳದೆ ಇರಲು ಜಾಗವಿರಲಿಲ್ಲ.

“ಮೇಡಮ್ಮಿಗೆ ಹೇಳೋಣ,” ಎಂದಳು ಗಂಡನಿಗೆ.

“ಹೂಂ,” ಎಂದ ಅವನು. ಆಮೇಲೆ, “ಬೇಡ. ಇರೋದೂ ಹೋದೀತು,” ಎಂದ.

ಗಿಡ್ಡಿ ಹೇಳಿಯೇ ಹೇಳಿದಳು. ಮೇಡಂ ಇರುವ ಕೋಣೆಯ ಹೊಸ್ತಿಲ ಹೊರಗೆ ನಿಂತು, ಒಳಗೆ ಕಾಲಿಡದೆ. ಒಳಗೆ ಮೇಡಂ ಒಂದು ಸಣ್ಣ ಬಟ್ಟಲಿನಿಂದ ಇನ್ನೊಂದು ಬಟ್ಟಲಿಗೆ ಕೆಂಪು ಪುಡಿ ಸುರಿಯುತ್ತಿದ್ದರು. ಮೂಗು ಬಾಯಿ ಮುಚ್ಚುವ ಬಿಳಿ ಮುಸುಕು ಕಟ್ಟಿಕೊಂಡಿದ್ದರು. ಕಿವಿಯ ಹಿಂದೆ ರಬ್ಬರು ಬಿಗಿದು ಗೆರೆ ಮೂಡಿತ್ತು.

“ಮೇಡಂ, ನಾದಿನಿಗೆ ಉಸಿರು ಕಟ್ಟುತ್ತೆ. ಹಂಡೆ ಪುಡಿಯಿಂದಾನೇ ಅನ್ಸುತ್ತೆ.”

ಮೇಡಂ ಮುಸುಕು ಇಳಿಸಿದರು. “ಅದು ಪೂರ್ತಿ ಹೂವಿಂದಾನೇ ಮಾಡಿದ್ದಮ್ಮ. ತಿನ್ನೋ ಬಣ್ಣ. ವಿಷ ಏನೂ ಇಲ್ಲ ಅದರಲ್ಲಿ.”

“ಹಾಗಾದ್ರೆ ನೀವ್ಯಾಕೆ ಮುಖಕ್ಕೆ ಕಟ್ಕೊಂಡಿದೀರಿ ಮೇಡಂ?”

ಗಿಡ್ಡಿ ಚುಚ್ಚಬೇಕೆಂದು ಕೇಳಿರಲಿಲ್ಲ. ತಿಳಿಯದೆ ಕೇಳಿದ್ದಳು. ಮೇಡಂ ಕೈಯಲ್ಲಿದ್ದ ಮುಸುಕನ್ನು ನೋಡಿದರು, ಬಟ್ಟಲನ್ನು ನೋಡಿದರು. “ಇದು... ಇಲ್ಲಿ ರೂಲ್ಸು,” ಎಂದರು. ಬಟ್ಟಲನ್ನು ಮುಚ್ಚುತ್ತ, “ನಾನು ಸಾರ್ ಹತ್ರ ಮಾತಾಡ್ತೀನಿ,” ಎಂದರು. ಗಿಡ್ಡಿ ತಿರುಗಿ ನಾಲ್ಕು ಹೆಜ್ಜೆ ಹೋಗುವುದರೊಳಗೆ ಹಿಂದೆ ಬಾಗಿಲು ಮುಚ್ಚಿಕೊಂಡಿತು.

ಮಾತಾಡಿದರೋ ಇಲ್ಲವೋ, ಧಣಿ ಮಾರನೆಯ ದಿನ ಅಂಗಳಕ್ಕೆ ಬಂದ. ಎಲ್ಲರ ಎದುರಿಗೆ ಡಬ್ಬಿಯ ಮುಚ್ಚಳ ತೆಗೆದು, ಬೆರಳು ಅದ್ದಿ, ನಾಲಿಗೆಗೆ ಇಟ್ಟುಕೊಂಡು ಚಪ್ಪರಿಸಿದ. “ನೋಡಿದ್ರಾ? ನನ್ನ ಮೊಮ್ಮಗಳಿಗೂ ಇದೇ ಬಣ್ಣದ ಮಿಠಾಯಿ ತಿನ್ನಿಸ್ತೀನಿ. ಯಾರಿಗೆ ಇದು ವಿಷ ಅನ್ಸುತ್ತೋ ಅವರು ನಾಳೆಯಿಂದ ಬರಬೇಡಿ. ಬೇಲಿ ಆಚೆ ಬೇಕಾದಷ್ಟು ಒಳ್ಳೇ ಗಾಳಿ ಇದೆ, ಕುಡೀರಿ.”

ನಾದಿನಿ ಬಾಯಿ ತೆರೆದಳು. ಕೆಮ್ಮು ಬಂದು ಮಾತು ನುಂಗಿತು.

ಮಿಠಾಯಿ ಕಂಪನಿಯವರು ನೋಡಲು ಬರುವವರಿದ್ದರು. ಅದಕ್ಕೆ ಮೊದಲು ಹಳದಿ, ಕೆಂಪು, ನೀಲಿ ಮೂರೂ ಬಣ್ಣ ಸಿದ್ಧವಾಗಬೇಕೆಂದು ಧಣಿಯ ಅಪ್ಪಣೆ. ಬಣ್ಣ ಬದಲಾಯಿಸುವಾಗಲೆಲ್ಲ ಹಂಡೆಯೊಳಗೆ ಒಂದು ಚೂರು ಹಳೆಯ ಪುಡಿಯೂ ಉಳಿಯಬಾರದು. ಒಲೆ ಆರಿಸುವುದು, ಕೆರೆಯುವುದು, ಹಚ್ಚುವುದು, ಮತ್ತೆ ಆರಿಸುವುದು. ಹಂಡೆ ಆರುವವರೆಗೆ ಕಾಯಲು ಮೇಸ್ತ್ರಿಗೆ ಪುರುಸೊತ್ತು ಇರಲಿಲ್ಲ. ಒಂದು ದಿನ ಬೆಳಿಗ್ಗೆ ಗಿಡ್ಡಿ ಒಳಗೆ ಹೋಗಿ ಬಂದಿದ್ದಳು. ಮಧ್ಯಾಹ್ನ ನಾದಿನಿಯ ಸರದಿ.

“ಬೇಡ, ನಾನೇ ಇನ್ನೊಂದ್ಸಲ ಹೋಗ್ತೀನಿ,” ಎಂದಳು ಗಿಡ್ಡಿ.

“ನಿನ್ನ ಮೊಣಕಾಲು ನೋಡ್ಕೋ ಮೊದ್ಲು,” ಎಂದಳು ನಾದಿನಿ. ಗಿಡ್ಡಿಯ ಮೊಣಕಾಲಿನ ಬೊಬ್ಬೆ ಒಡೆದು ಬಟ್ಟೆಗೆ ಅಂಟಿತ್ತು. “ಇಬ್ಬರೂ ಸತ್ರೆ ಅಣ್ಣನಿಗೆ ಬೈಯೋರು ಯಾರು?”

ಪಟ್ಟಿಯ ಕರಕರ ಸ್ವಲ್ಪ ಹೊತ್ತು ಕೇಳಿತು. ಆಮೇಲೆ ಕೆಮ್ಮು ಕೇಳಿತು. ಆಮೇಲೆ ಎರಡೂ ನಿಂತವು.

“ಏನೇ, ನಿದ್ದೆ ಹೋದ್ಯಾ?” ಎಂದು ಮೇಸ್ತ್ರಿ ಬಡಿದ.

ಗಿಡ್ಡಿ ಆಗಲೇ ಕಿಂಡಿಯಲ್ಲಿ ಅರ್ಧ ತೂರಿದ್ದಳು. ಒಳಗೆ ಕೆಂಪು ದೂಳು ಕವಿದು ಏನೂ ಕಾಣಿಸಲಿಲ್ಲ. ಕೈಯಾಡಿಸಿದಾಗ ಮೊದಲು ಸಿಕ್ಕಿದ್ದು ಒಂದು ಪಾದ. ಅದನ್ನೇ ಹಿಡಿದು ಎಳೆದಳು. ಹಿಂದಿನಿಂದ ದೊಡ್ಡಕ್ಕ ಗಿಡ್ಡಿಯ ಸೊಂಟ ಹಿಡಿದು ಎಳೆದಳು, ದೊಡ್ಡಕ್ಕನನ್ನು ಉಳಿದವರು. ನಾದಿನಿ ಹೊರಗೆ ಬಂದಾಗ ಅಡಿಯಿಂದ ಮುಡಿಯವರೆಗೆ ಗುಲಾಬಿ ಕೆಂಪು. ಬಿಸಿ ತಗಡಿಗೆ ಒರಗಿ ಬಿದ್ದಿದ್ದ ಒಂದು ತೋಳಿನ ಚರ್ಮ ಮಾತ್ರ ಬೆಳ್ಳಗೆ ಸುಲಿದಿತ್ತು. ಬಾಯಿ ಮೀನಿನ ಹಾಗೆ ತೆರೆದು ಮುಚ್ಚುತ್ತಿತ್ತು. ಉಸಿರು ಒಳಗೆ ಹೋಗುತ್ತಿರಲಿಲ್ಲ.

ಒಲೆಯ ಕೋಣೆಯಿಂದ ಓಡಿ ಬಂದ ಗಂಡ ತಂಗಿಯನ್ನು ನೋಡಿದ. ತನ್ನ ಎರಡು ಕೈಗಳನ್ನು ನೋಡಿಕೊಂಡ. ಅಲ್ಲೇ ಕುಕ್ಕರಿಸಿದ.

“ಎತ್ತೋ!” ಎಂದು ಕಿರುಚಿದಳು ಗಿಡ್ಡಿ. “ಆಮೇಲೆ ಅಳುವಂತೆ, ಎತ್ತು ಮೊದ್ಲು!”

ಆಸ್ಪತ್ರೆಗೆ ಹೂಕಸದ ಗಾಡಿಯಲ್ಲೇ ಹೋದರು. ಮೇಸ್ತ್ರಿಯೂ ಜೊತೆಗೆ ಬಂದ. ದಾರಿಯುದ್ದಕ್ಕೂ ಗಂಡನ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದ. ಡಾಕ್ಟರು ಬಿಳಿ ಹಾಸಿಗೆಯ ಮೇಲಿನ ಕೆಂಪು ಹೆಂಗಸನ್ನು ನೋಡಿ ಬೆಚ್ಚಿದರು, ರಕ್ತವಲ್ಲ ಎಂದು ಗೊತ್ತಾದ ಮೇಲೆ ಕೇಳಿದರು: “ಏನು ಉಸಿರಾಡಿದ್ದು ಇವರು?”

ಮೇಸ್ತ್ರಿ ಗಂಡನ ಕಡೆ ನೋಡಿದ.

“ಮನೆ... ಮನೆ ಒಲೆ ಹೊಗೆ ಸಾರ್,” ಎಂದ ಗಂಡ. “ಮೊದಲಿಂದಾನೂ ಕೆಮ್ಮು ಇತ್ತು. ತೋಳೂ... ಒಲೆ ಮೇಲೇ ಬಿದ್ಲು.”

“ಹಾಗಾದ್ರೆ ಈ ಬಣ್ಣ?”

“ಆಟ ಆಡ್ತಿದ್ರು ಸಾರ್,” ಎಂದ ಮೇಸ್ತ್ರಿ. “ಹೆಂಗಸರು. ಬಣ್ಣ ಎರಚ್ಕೊಂಡು.”

“ಅಲ್ಲ ಡಾಕ್ಟ್ರೇ,” ಎಂದು ಗಿಡ್ಡಿ ಮುಂದೆ ಬಂದಳು. ಗಂಡ ಅವಳ ಮಣಿಕಟ್ಟು ಹಿಡಿದ. ಬಿಗಿಯಾಗಿ ಹಿಡಿಯಲಿಲ್ಲ, ಬೇಡುವವನ ಹಾಗೆ ಹಿಡಿದ. ಅಷ್ಟರಲ್ಲಿ ಡಾಕ್ಟರು ನಾದಿನಿಯ ಮುಖಕ್ಕೆ ಗಾಳಿಯ ಕೊಳವೆ ಕಟ್ಟಿಸಿ, ಎಲ್ಲರನ್ನೂ ಹೊರಗೆ ಕಳಿಸಿದರು.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಒಂದು ಮಾರು ದೂರ ಬಿಟ್ಟು ಕೂತರು.

“ಆಸ್ಪತ್ರೆ ನೋಡ್ಕೋತೀನಿ ಅಂದಿದಾನೆ ಧಣಿ. ನಿಜ ಹೇಳಿದ್ರೆ ಕೈ ಬಿಡ್ತಾನಂತೆ,” ಎಂದ ಗಂಡ. “ಅವಳು ಉಳೀಬೇಕಲ್ಲ.”

“ಉಳೀಲಿ. ಉಳಿದ ಮೇಲೆ ಅವಳೇ ಕೇಳ್ತಾಳೆ ನಿನ್ನ, ಏನಂತ ಹೇಳ್ದೆ ಅಂತ.”

“ಹೂಂ,” ಎಂದ ಅವನು, ನೆಲ ನೋಡುತ್ತ.

ನಾದಿನಿ ಉಳಿದಳು. ಆದರೆ ಮನೆಗೆ ಬಂದವಳು ಹೋದವಳಲ್ಲ. ಮಲಗಿದರೆ ಉಸಿರು ಕಟ್ಟುವುದರಿಂದ ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ನೀರಿನ ಲೋಟ ಎತ್ತಿದರೆ ಆಯಾಸ. ಮಾತೆಂದರೆ ಒಂದು ಪದ, ಆಮೇಲೆ ಉಸಿರು, ಆಮೇಲೆ ಇನ್ನೊಂದು ಪದ. ಅಣ್ಣ ಹತ್ತಿರ ಬಂದು ಕೂತಾಗ ಅವಳು ಏನನ್ನೂ ಕೇಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಬದುಕುತ್ತಿದ್ದೆ ಎಂಬಂತೆ ಅವನು ಎದ್ದು ಹೋಗುತ್ತಿದ್ದ.

ಧಣಿ ಗಿಡ್ಡಿಯನ್ನು ಆಫೀಸಿಗೆ ಕರೆಸಿದ. ಹೊಳೆಯುವ ನೆಲ. ಜವಾನ ಓಡಿ ಬಂದು ಒಂದು ಹಳೆಯ ಪೇಪರು ಹಾಸಿ, “ಅದರ ಮೇಲೆ ನಿಂತ್ಕೋ, ಕಾಲಿನ ಬಣ್ಣ ಹತ್ತುತ್ತೆ,” ಎಂದ. ಗಿಡ್ಡಿ ಪೇಪರಿನ ಮೇಲೆ ನಿಂತಳು. ಅದರಲ್ಲಿ ಯಾರದೋ ನಗುವ ಮುಖವಿತ್ತು. ಕಾಲು ಬೆರಳು ಆ ಮುಖದ ಮೇಲೆ ಬಾರದ ಹಾಗೆ ಸರಿಸಿಕೊಂಡಳು.

“ನಿನ್ನ ನಾದಿನಿ ವಿಷಯ ಕೇಳಿ ಬೇಜಾರಾಯ್ತಮ್ಮ,” ಎಂದ ಧಣಿ. “ನಾನು ಕೈ ಬಿಟ್ನಾ? ಬಿಡ್ಲಿಲ್ಲ. ಅವಳಿಗೆ ಔಷಧಿ ಬರ್ತಾ ಇರುತ್ತೆ. ಆದ್ರೆ ನೀವೂ ನನ್ನ ಕೈ ಬಿಡಬಾರದು. ನಾಡಿದ್ದು ಮಿಠಾಯಿ ಕಂಪನಿಯವರು ಬರ್ತಾರೆ. ನಮ್ಮ ಅಕ್ಕತಂಗಿಯರು ಹೇಗೆ ಮನೆ ಪಾತ್ರೆ ಥರ ಪ್ರೀತಿಯಿಂದ ಮೆಷಿನ್ನು ಉಜ್ಜುತ್ತಾರೆ ಅಂತ ಅವರಿಗೆ ತೋರಿಸ್ಬೇಕು. ಅಂಥದ್ದನ್ನ ಇಷ್ಟ ಪಡ್ತಾರೆ ಅವರು. ನೀನೇ ಒಳಗೆ ಹೋಗಬೇಕು. ತೊಂದರೆ ಏನಾದ್ರೂ ಇದೆಯಾ ಅಂತ ಕೇಳ್ತೀನಿ. ಏನಂತೀಯಾ?”

“ಇಲ್ಲ ಅಂತೀನಿ.”

“ಜಾಣೆ.” ಅವನು ಕೈ ಬೀಸಿದ. ಅವಳು ಹೊರಗೆ ಬರುವಾಗ ಜವಾನ ಪೇಪರನ್ನು ತುದಿ ಹಿಡಿದು ಎತ್ತಿ ಕಸದ ಬುಟ್ಟಿಗೆ ಹಾಕಿದ.

ಆ ದಿನ ಅಂಗಳಕ್ಕೆ ನೀರು ಚಿಮುಕಿಸಿದ್ದರು. ಕೊಳೆತದ್ದನ್ನೆಲ್ಲ ಹಿಂದಕ್ಕೆ ತಳ್ಳಿ, ಮಾರುಕಟ್ಟೆಯಿಂದ ತಂದ ತಾಜಾ ಹೂಗಳನ್ನು ಮುಂದೆ ರಾಶಿ ಹಾಕಿದ್ದರು. ಹೆಂಗಸರ ಕೈಗೆ ನೀಲಿ ಕೈಚೀಲ. ಗಿಡ್ಡಿಗೆ ಹೊಸ ತಲೆಬಟ್ಟೆ ಕೊಟ್ಟು ಹಂಡೆಯ ಪಕ್ಕ ನಿಲ್ಲಿಸಿದ್ದರು. ಮುಂದೆ ಒಂದು ಮೇಜು, ಅದರ ಮೇಲೆ ಬಟ್ಟಲು ತುಂಬ ಕೆಂಪು ಪುಡಿ.

ಬಂದವರಲ್ಲಿ ದೊಡ್ಡವಳು ನರೆತ ಕೂದಲಿನ ಒಬ್ಬ ಹೆಂಗಸು. ಧಣಿ ಅವಳ ಮುಂದೆ ಚಮಚದಲ್ಲಿ ಪುಡಿ ಎತ್ತಿ ಬಾಯಿಗೆ ಹಾಕಿಕೊಂಡ. ಅವಳೂ ಬೆರಳ ತುದಿಯಲ್ಲಿ ಒಂದಿಷ್ಟು ನೆಕ್ಕಿ, “ರುಚಿಯೇ ಇಲ್ಲ!” ಎಂದಳು. ಎಲ್ಲರೂ ನಕ್ಕರು.

“ಅದೇ ಇದರ ದೊಡ್ಡತನ,” ಎಂದ ಧಣಿ. “ಊರಿನ ಕಸ ನಮ್ಮ ಹತ್ರ ಬಂದು ಮಕ್ಕಳು ತಿನ್ನೋ ಬಣ್ಣ ಆಗುತ್ತೆ. ಮತ್ತೆ ಇವರು, ಕಸ ಆಯ್ತಿದ್ದ ಹೆಂಗಸರು, ಇವತ್ತು ಗೌರವದಿಂದ ಬಾಳ್ತಿದಾರೆ. ಕೇಳಿ ಬೇಕಾದ್ರೆ. ಹೇಳಮ್ಮ, ಹೆದರ್ಬೇಡ. ಕೆಲಸದಲ್ಲಿ ಏನಾದ್ರೂ ತೊಂದರೆ ಇದೆಯಾ?”

ಇಲ್ಲ ಎನ್ನಬೇಕೆಂದೇ ಗಿಡ್ಡಿ ಬಾಯಿ ತೆರೆದಳು. ಎರಡು ದಿನದಿಂದ ಅಭ್ಯಾಸ ಮಾಡಿದ ಒಂದೇ ಪದ. ಬೆಳಿಗ್ಗೆ ನಾದಿನಿಯ ಬಾಯಿಗೆ ನೀರು ಹಿಡಿದಾಗ, ಅರ್ಧ ಗುಟುಕಿಗೆ ದಣಿದು ಅವಳು ತಲೆ ಆಚೆ ತಿರುಗಿಸಿದ್ದು ಕಣ್ಣ ಮುಂದೆ ಬಂತು. ಗಿಡ್ಡಿ ನೀಲಿ ಕೈಚೀಲ ಬಿಚ್ಚಿ ಮೇಜಿನ ಮೇಲಿಟ್ಟಳು. ಬರಿಗೈಯನ್ನು ಬಟ್ಟಲಿಗೆ ಹಾಕಿ ಒಂದು ಹಿಡಿ ಪುಡಿ ಎತ್ತಿ ಧಣಿಯ ಮುಖದ ಮುಂದೆ ಹಿಡಿದಳು.

“ನಾಲಿಗೇಲಿ ನೆಕ್ಕಿದ್ರಿ ಧಣಿ. ಈಗ ಮೂಗಲ್ಲಿ ಎಳೀರಿ.”

“ಏನಂದೆ?”

“ನನ್ನ ನಾದಿನಿ ಇದನ್ನ ತಿನ್ನಲಿಲ್ಲ. ಉಸಿರಾಡಿದ್ಳು. ನೀವು ಒಂದೇ ಒಂದು ಉಸಿರು ಎಳೀರಿ. ಎಳೆದು ತೋರ್ಸಿ, ನಾನು ಬಾಯಿ ಮುಚ್ಕೊಂಡು ಹಂಡೆಗೆ ಇಳೀತೀನಿ.”

ಧಣಿ ನಕ್ಕ. ಸುತ್ತಲಿನವರೂ ನಗಲಿ ಎಂದು ಅತ್ತಿತ್ತ ನೋಡಿದ. “ತಮಾಷೆ ಇವರದು,” ಎಂದ.

ಗಿಡ್ಡಿ ಕೈಯನ್ನು ಪಕ್ಕಕ್ಕೆ ತಿರುಗಿಸಿದಳು. “ನೀವಾದ್ರೂ ಎಳೀರಿ ಮೇಡಂ. ನೀವೇ ಮಾಡಿದ್ದಲ್ವಾ?”

ಮೇಡಂ ಅವರ ಕೈ ತಾನಾಗಿಯೇ ಮೇಲೆದ್ದು ಮೂಗನ್ನು ಮುಚ್ಚಿಕೊಂಡಿತು; ಕಾಲು ಒಂದು ಹೆಜ್ಜೆ ಹಿಂದೆ ಸರಿಯಿತು. ನರೆತ ಕೂದಲಿನ ಹೆಂಗಸು ಅದನ್ನು ನೋಡಿದಳು. ಹೂ ಬಿಡಿಸುತ್ತಿದ್ದವರೆಲ್ಲ ನೋಡಿದರು. ಮೇಡಂ ತಮ್ಮ ಕೈಯನ್ನು ತಾವೇ ನೋಡಿ ಕೆಳಗಿಳಿಸಿದರು. ಹೊತ್ತು ಮೀರಿತ್ತು.

“ಏನಾಗಿದೆ ಅವಳ ನಾದಿನಿಗೆ?” ಎಂದಳು ಬಂದವಳು.

“ಬನ್ನಿ, ಆಫೀಸಿನಲ್ಲಿ ಕೂತು ಮಾತಾಡೋಣ,” ಎಂದ ಧಣಿ, ಅವಳ ಮೊಣಕೈ ಹಿಡಿದು. ಹೋಗುತ್ತ ಮೇಸ್ತ್ರಿಯ ಕಿವಿಯಲ್ಲಿ ಹಲ್ಲು ಕಚ್ಚಿ ಏನೋ ಹೇಳಿದ.

ಮೇಸ್ತ್ರಿ ಗಿಡ್ಡಿಯ ರಟ್ಟೆಗೆ ಕೈ ಹಾಕಿದ. ಅವಳು ಕೈಯಲ್ಲಿದ್ದ ಪುಡಿಯನ್ನು ಹಾಗೇ ಅವನ ಮುಖಕ್ಕೆ ಎರಚಿದಳು. ಅವನು “ಅಯ್ಯೋ ಬೋಸುಡಿ!” ಎಂದು ಕಣ್ಣು ಹೊಸಕಿಕೊಂಡು ಕೆಮ್ಮುತ್ತಿದ್ದಾಗ ಅವಳು ಹಂಡೆಯ ಕಿಂಡಿಗೆ ತಲೆ ಕೊಟ್ಟಿದ್ದಳು. ಅವನ ಕೈಗೆ ಸಿಕ್ಕಿದ್ದು ಅವಳ ಒಂದು ಚಪ್ಪಲಿ ಮಾತ್ರ.

ಒಳಗೆ ಹಂಡೆ ತಣ್ಣಗಿತ್ತು. ಬಂದವರಿಗಾಗಿ ಆ ದಿನ ಮೊದಲ ಸಲ ಅದನ್ನು ಆರಲು ಬಿಟ್ಟಿದ್ದರು. ಗಿಡ್ಡಿ ಆಲಿಕೆಯ ಇಳಿಜಾರಿಗೆ ಕಾಲು ಕೊಟ್ಟು, ಬೆನ್ನನ್ನು ಗೋಡೆಗೆ ಆನಿಸಿ ಕೂತಳು. ತಲೆಬಟ್ಟೆ ಬಿಚ್ಚಿ ಮೂಗಿಗೆ ಸುತ್ತಿಕೊಂಡಳು.

“ಹೊರಗೆ ಬಾರೇ!” ಮೇಸ್ತ್ರಿಯ ದನಿ ಹಂಡೆಯ ತುಂಬ ಗುಂಯ್‌ಗುಟ್ಟಿತು.

“ಬರಲ್ಲ. ಬೇಕಾದ್ರೆ ನೀನು ಒಳಗೆ ಬಾ.”

“ಅಲ್ಲೇ ಸಾಯ್ತೀಯಾ?”

“ಸಾಯೋಕೆ ಬಂದಿಲ್ಲ. ಕೂರೋಕೆ ಬಂದಿದೀನಿ. ಇದಕ್ಕೆ ಯಾರನ್ನೂ ಕಾದಾಗ ಇಳಿಸಲ್ಲ ಅಂತ, ಮೂಗಿಗೆ ಕಟ್ಟೋಕೆ ಕೊಡ್ತೀವಿ ಅಂತ ಧಣಿ ಎಲ್ಲರ ಮುಂದೆ ಹೇಳ್ಲಿ. ನಾದಿನಿಗೆ ಏನಾಯ್ತು ಅಂತ ಡಾಕ್ಟ್ರ ಹತ್ರ ನಿಜ ಹೇಳ್ಲಿ. ಅಲ್ಲೀವರೆಗೂ ಇದರಲ್ಲಿ ಬಣ್ಣ ಬೀಳಲ್ಲ.”

ಮೇಸ್ತ್ರಿ ಒಲೆಯ ಕೋಣೆಯ ಕಡೆಗೆ ಕೂಗಿದ. “ಏಯ್! ಹಚ್ಚೋ ಒಲೆ! ಗಾಳಿ ಬಿಡು. ಒಂದು ಸಲ ಬಿಸಿ ಮುಟ್ಟಿದ್ರೆ ತಾನಾಗೇ ಹಾರ್ಕೊಂಡು ಬರ್ತಾಳೆ.”

“ಒಳಗೆ ನಿನ್ನ ಹೆಂಡ್ತಿ ಕಣೋ!” ದೊಡ್ಡಕ್ಕನ ದನಿ. ಬುಟ್ಟಿಗಳು ಉರುಳಿದ ಸದ್ದು. ಓಡುವ ಕಾಲುಗಳ ಸದ್ದು. “ಬನ್ರೇ, ಕೂತಲ್ಲೇ ಬೇರು ಬಿಟ್ರಾ? ಬನ್ನಿ!”

“ಹಚ್ಚೋ ಅಂದೆ! ಕೆಲಸ ಬೇಕಾ ಬೇಡ್ವಾ? ನಿನ್ನ ತಂಗಿ ಔಷಧಿ ನಿಲ್ಲಿಸ್ಬೇಕಾ?”

ಗಿಡ್ಡಿ ಕಿವಿಗೊಟ್ಟಳು. ಗಂಡ ಮಾತಾಡಲಿಲ್ಲ. ಅವನು ಮಾತಾಡದಿದ್ದರೆ ಅದು ಹೂಂ ಎಂದೇ ಅವಳಿಗೆ ಇಷ್ಟು ವರ್ಷದ ಸಂಸಾರದಲ್ಲಿ ಗೊತ್ತು. ಗೋಡೆಯಾಚೆ, ಬಿಸಿಗಾಳಿಯ ಕೊಳವೆ ಇರುವ ಕಡೆ, ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದಾಯಿತು. ಏನೋ ಕಿರ್ರ್ ಎಂದು ತಿರುಗಿತು. ಇನ್ನೊಂದು ಸುತ್ತು. ಕೊಳವೆಯ ಬಾಯಿ ಅವಳ ತಲೆಯ ಮೇಲೆ ಕಪ್ಪಗೆ ತೆರೆದುಕೊಂಡಿತ್ತು. ಕಿಂಡಿಗೆ ಓಡಬೇಕೆಂದು ಮೈ ಎದ್ದಿತು. ಅವಳು ಅದನ್ನು ಹಿಡಿದು ಕೂರಿಸಿದಳು. ಬಟ್ಟೆಯನ್ನು ಕಣ್ಣಿನವರೆಗೂ ಎಳೆದುಕೊಂಡು, ಮೊಣಕಾಲಿನ ನಡುವೆ ಮುಖ ಹುದುಗಿಸಿದಳು.

ಕಿರ್ರ್ ಎನ್ನುವುದು ನಿಂತಿತು. ಗಾಳಿ ಬರಲಿಲ್ಲ.

ಹೊರಗೆ ಮೇಸ್ತ್ರಿ, “ಏಯ್, ಅದನ್ನ ಯಾಕೋ ಬಿಚ್ಚಿದೆ? ಇಲ್ಲಿ ಕೊಡು! ಕೊಡೋ ಬೋಳಿಮಗನೆ!” ಎಂದು ಅರಚಿದ. ಹೆಂಗಸರ ಗದ್ದಲ, ತಳ್ಳಾಟ. ಯಾರೋ ಬಿದ್ದರು. ಹಂಡೆಗೆ ಯಾರದೋ ಮೈ ದೊಪ್ಪನೆ ಬಡಿಯಿತು.

ಕಿಂಡಿಯ ಬೆಳಕು ಮರೆಯಾಯಿತು. ಒಂದು ಕೈ ಒಳಗೆ ಬಂತು. ಮಸಿ ಹಿಡಿದ ಕೈ, ಗೆಣ್ಣಿನ ಹತ್ತಿರ ಹೊಸದಾಗಿ ತರಚಿ ರಕ್ತ ಒಸರುತ್ತಿತ್ತು. ಅದರಲ್ಲಿ ಬಿಸಿಗಾಳಿ ಬಿಡುವ ಕಬ್ಬಿಣದ ಚಕ್ರವಿತ್ತು. ಅದಿಲ್ಲದೆ ಆ ಕೊಳವೆಯನ್ನು ತೆರೆಯಲು ಯಾರಿಗೂ ಆಗದು.

“ಹಿಡ್ಕೋ,” ಎಂದ ಗಂಡ. ಏದುಸಿರು ಬಿಡುತ್ತಿದ್ದ. “ಗಟ್ಟಿಯಾಗಿ ಹಿಡ್ಕೋ. ನಾನು ಕೇಳಿದ್ರೂ ಕೊಡ್ಬೇಡ.”

ಅವಳು ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡಳು. ಹಿಂದಿನಿಂದ ಯಾರೋ ಎಳೆದಂತೆ ಆ ಕೈ ಫಕ್ಕನೆ ಹೊರಗೆ ಹೋಯಿತು. ಏಟು ಬಿದ್ದ ಸದ್ದು ಕೇಳಿತು, ಅದರ ಮೇಲೊಂದು ಏಟು. ದೊಡ್ಡಕ್ಕ ಬೈಯುತ್ತಿದ್ದಳು. ಗೇಟಿನ ಹತ್ತಿರ ಕಾವಲಿನವನು ಸಿಳ್ಳೆ ಊದಿದ.

ಗಿಡ್ಡಿ ಚಕ್ರವನ್ನು ಮಡಿಲಲ್ಲಿ ಇಟ್ಟುಕೊಂಡು, ಎರಡು ಕಾಲುಗಳಿಂದಲೂ ಆಲಿಕೆಯನ್ನು ಒತ್ತಿ ಹಿಡಿದು, ಕದಲದೆ ಕೂತಳು.